ಹಳೆಯ ಗಿರಣಿ ಯಂತ್ರ ಕೊಳ್ಳುವ ಮುನ್ನ: ವಯಸ್ಸು, ಸ್ಥಿತಿ ಮತ್ತು ಬೆಲೆಯ ಲೆಕ್ಕ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯುವ ಗಂಗಾವತಿ, ಕಾರಟಗಿ ಭಾಗದಲ್ಲಿ ಅಕ್ಕಿ ಗಿರಣಿಯ ಹಳೆಯ ಯಂತ್ರಗಳು ಕೈಯಿಂದ ಕೈಗೆ ಹೋಗುವುದು ಹೊಸ ಸಂಗತಿಯಲ್ಲ. ಪಾಲುದಾರಿಕೆ ಮುರಿದಾಗ, ಬ್ಯಾಂಕು ಹರಾಜಿಗಿಟ್ಟಾಗ, ಮಾಲೀಕರು ಹೆಚ್ಚಿನ ಸಾಮರ್ಥ್ಯದ ಘಟಕ ಹಾಕಿದಾಗ ಹಳೆಯದು ಮಾರಾಟಕ್ಕೆ ಬರುತ್ತದೆ. ಕಡಿಮೆ ಬಂಡವಾಳದ ಉದ್ಯಮಿಗೆ ಇದೊಂದು ಅವಕಾಶವೇ ಸರಿ. ಆದರೆ ಅರ್ಧ ಬೆಲೆಗೆ ಸಿಕ್ಕಿತೆಂಬ ಸಂತೋಷ ಮೊದಲ ಸುಗ್ಗಿಯಲ್ಲಿಯೇ ಕರಗಿದ್ದನ್ನೂ ಕಂಡಿದ್ದೇನೆ.

ಅಂಥ ಒಂದು ಪ್ರಸಂಗದಲ್ಲಿ ತಪ್ಪಿನ ಪಾಲು ನನ್ನದೂ ಇದೆ. ಕಕ್ಷಿದಾರರೊಬ್ಬರು ಎಂಟು ವರ್ಷ ಹಳೆಯ ಯಂತ್ರಗಳನ್ನು ಕೊಳ್ಳುವ ಮುನ್ನ ನನ್ನ ಅಭಿಪ್ರಾಯ ಕೇಳಿದರು. ನಾನು ಮಾರುವವರ ಸವಕಳಿ ಪಟ್ಟಿಯನ್ನು ನೋಡಿ, ಪುಸ್ತಕ ಬೆಲೆಗಿಂತ ಕಡಿಮೆಗೆ ದೊರೆಯುತ್ತಿದೆ ಎಂದು ಒಪ್ಪಿಗೆ ಸೂಚಿಸಿದೆ. ಗಿರಣಿಗೆ ಒಮ್ಮೆಯೂ ಹೋಗಲಿಲ್ಲ. ಆ ಯಂತ್ರಗಳು ವರ್ಷಗಟ್ಟಲೆ ಎರಡು ಪಾಳಿಯಲ್ಲಿ ದುಡಿದಿದ್ದವು. ಸುಗ್ಗಿಯ ಎರಡನೆಯ ವಾರದಲ್ಲಿ ಪಾಲಿಶರ್‌ನ ಶಾಫ್ಟ್ ಮುರಿಯಿತು. ಸಾಲದ ಹಣದಲ್ಲಿ ಕೊಂಡ ಭತ್ತ ಚೀಲದಲ್ಲಿಯೇ ಉಳಿಯಿತು, ಬಡ್ಡಿ ಮಾತ್ರ ನಿಲ್ಲಲಿಲ್ಲ. ಶೇ. 15ರ ಇಳಿಕೆ ಪದ್ಧತಿಯಲ್ಲಿ ಎಂಟು ವರ್ಷಗಳ ಕೊನೆಗೆ ಪುಸ್ತಕ ಬೆಲೆ ಮೂಲದ ಸುಮಾರು ಶೇ. 27 ಆಗುತ್ತದೆ, ಯಂತ್ರ ಒಂದು ಪಾಳಿ ದುಡಿಯಲಿ, ಎರಡು ಪಾಳಿ ದುಡಿಯಲಿ, ಅಂಕಿ ಅದೇ. ಪುಸ್ತಕ ಬೆಲೆ ತೆರಿಗೆಯ ಲೆಕ್ಕ, ಯಂತ್ರದ ಆಯುಷ್ಯದ ಲೆಕ್ಕವಲ್ಲ.

1. ನಿಜವಾದ ವಯಸ್ಸು

ಮೊದಲು ನಾಮಫಲಕದ ಕ್ರಮಸಂಖ್ಯೆ ಮತ್ತು ತಯಾರಿಕೆಯ ವರ್ಷವನ್ನು ಮೂಲ ಖರೀದಿ ಬಿಲ್ಲಿನೊಡನೆ ತಾಳೆ ನೋಡಬೇಕು. ಫಲಕ ಕಿತ್ತಿದ್ದರೆ ಅಥವಾ ಹೊಸ ಬಣ್ಣದಡಿ ಮುಚ್ಚಿದ್ದರೆ ಕಾರಣ ಕೇಳಬೇಕು.

ಅನಂತರ ಕಳೆದ ಮೂರು ವರ್ಷಗಳ ಜೆಸ್ಕಾಂ ವಿದ್ಯುತ್ ಬಿಲ್ಲುಗಳನ್ನು ಕೇಳಿರಿ. ನೂರು ಅಶ್ವಶಕ್ತಿಯ ಹೊರೆ ಪೂರ್ಣವಾಗಿ ಓಡಿದರೆ ಗಂಟೆಗೆ ಸುಮಾರು 75 ಯೂನಿಟ್ ಖರ್ಚಾಗುತ್ತದೆ. ತಿಂಗಳಿಗೆ 30,000 ಯೂನಿಟ್ ಎಂದರೆ ಯಂತ್ರಗಳು ಕನಿಷ್ಠ 400 ಗಂಟೆ ಓಡಿವೆ. ಹೊರೆ ಪೂರ್ಣವಾಗಿರದಿದ್ದರೆ ಗಂಟೆಗಳು ಇನ್ನೂ ಹೆಚ್ಚು. 'ಸುಗ್ಗಿಯಲ್ಲಿ ಮಾತ್ರ ಓಡಿಸುತ್ತಿದ್ದೆವು' ಎಂಬ ಮಾತನ್ನು ಪರೀಕ್ಷಿಸಲು ಇದಕ್ಕಿಂತ ಸುಲಭವಾದ ಸಾಕ್ಷಿಯಿಲ್ಲ.

2. ಸ್ಥಿತಿಯ ಪರೀಕ್ಷೆ

ಶೆಲ್ಲರ್‌ನ ರಬ್ಬರ್ ರೋಲ್, ಪಾಲಿಶರ್‌ನ ಜಾಲರಿ, ಎಲಿವೇಟರ್‌ನ ಬೆಲ್ಟ್ ಇವು ಹೇಗೂ ಸವೆದು ಬದಲಾಗುವ ಭಾಗಗಳು. ಹೊಸ ರೋಲ್ ಹಾಕಿ ತೋರಿಸಿದರೆ ಮಾರುಹೋಗಬಾರದು. ನೋಡಬೇಕಾದದ್ದು ಶಾಫ್ಟ್, ಬೇರಿಂಗ್ ಕೂರುವ ಜಾಗ ಹಾಗೂ ಚೌಕಟ್ಟಿನ ಬಿರುಕು, ವೆಲ್ಡಿಂಗ್ ಗುರುತುಗಳನ್ನು. ಕಲರ್ ಸಾರ್ಟರ್ ಇದ್ದರೆ ಕ್ಯಾಮೆರಾ ಮತ್ತು ಗಾಳಿಯ ವಾಲ್ವುಗಳ ಬಿಡಿಭಾಗ ಈಗಲೂ ದೊರೆಯುತ್ತವೆಯೇ ಎಂದು ತಯಾರಕರನ್ನೇ ವಿಚಾರಿಸಬೇಕು.

ಹಾಯಿದೋಣಿ ಕೊಳ್ಳುವ ಜಾಣರು ಅದನ್ನು ದಡಕ್ಕೆತ್ತಿಸಿ ತಳ ನೋಡುತ್ತಾರೆ, ಮತ್ತೆ ನೀರಿಗಿಳಿಸಿ ನಡೆಸಿಯೂ ನೋಡುತ್ತಾರೆ. ಗಿರಣಿಗೂ ಈ ಎರಡು ಪರೀಕ್ಷೆ ಬೇಕು. ನಿಲ್ಲಿಸಿ, ಬಿಚ್ಚಿಸಿ, ನಂಬಿಕೆಯ ಫಿಟ್ಟರ್‌ಗೆ ತೋರಿಸಿರಿ. ಬಳಿಕ ನಿಮ್ಮದೇ ಭತ್ತ ಹಾಕಿ ಕನಿಷ್ಠ ಒಂದು ಪಾಳಿ ಓಡಿಸಿ, ಅಕ್ಕಿ, ನುಚ್ಚು, ತೌಡುಗಳನ್ನು ಬೇರೆಬೇರೆ ತೂಗಿರಿ. ಸರ್ಕಾರಿ ಖರೀದಿಯ ಭತ್ತಕ್ಕೆ ಕಚ್ಚಾ ಅಕ್ಕಿಯ ಇಳುವರಿ ಶೇ. 67, ಕುಸುಬಲಕ್ಕಿಯದು ಶೇ. 68 ಎಂಬ ಮಾನದಂಡವಿದೆ. ಹೋಲಿಕೆಗೆ ಅದು ಉಪಯುಕ್ತ. ಖಾಲಿ ಓಡಿಸಿ ತೋರಿಸಿದ ಯಂತ್ರ ಏನನ್ನೂ ಹೇಳುವುದಿಲ್ಲ.

3. ಬಾಯ್ಲರ್

ಬಾಯ್ಲರ್ ಸೇರಿದ್ದರೆ ಎಚ್ಚರ ಇಮ್ಮಡಿಯಾಗಿರಲಿ. ಇಲ್ಲಿ ಹಣದ ಜೊತೆಗೆ ಕಾರ್ಮಿಕರ ಪ್ರಾಣವೂ ಇದೆ. 1923ರ ಕಾಯ್ದೆಯ ಸ್ಥಾನದಲ್ಲಿ ಈಗ 2025ರ ಬಾಯ್ಲರ್ ಕಾಯ್ದೆ ಬಂದಿದೆ. ಮೈಮೇಲೆ ಕೊರೆದ ನೋಂದಣಿ ಸಂಖ್ಯೆ, ಹಿಂದಿನ ತಪಾಸಣೆಗಳ ದಾಖಲೆ, ಚಾಲ್ತಿಯಲ್ಲಿರುವ ಪ್ರಮಾಣಪತ್ರ ಈ ಮೂರೂ ಹೊಂದಬೇಕು. ತಗಡಿನ ದಪ್ಪವನ್ನು ಅಲ್ಟ್ರಾಸಾನಿಕ್ ವಿಧಾನದಲ್ಲಿ ಅಳೆಸಿರಿ. ದಾಖಲೆಯಿಲ್ಲದ ಬಾಯ್ಲರ್‌ಗೆ ಗುಜರಿಯ ಬೆಲೆಯಷ್ಟೇ.

4. ಋಣಭಾರ

ಯಂತ್ರ ಬ್ಯಾಂಕಿಗೆ ಅಡಮಾನವಾಗಿದ್ದರೆ ಮಾರುವವರ ರಸೀದಿಯೊಂದೇ ಸಾಲದು. ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಪಡೆಯಿರಿ. 'ಸರ್ಸಾಯಿ' ದಾಖಲೆಯಲ್ಲಿ ಹುಡುಕಿಸಿರಿ. ಮಾರುವವರು ಕಂಪನಿಯಾದರೆ ಕಂಪನಿ ರಿಜಿಸ್ಟ್ರಾರರ ಬಳಿಯ ಋಣಭಾರ ನೋಂದಣಿಯನ್ನೂ ನೋಡಿರಿ. ಬ್ಯಾಂಕಿನ ಹರಾಜು ಸಾಮಾನ್ಯವಾಗಿ 'ಇದ್ದಲ್ಲಿ, ಇದ್ದಂತೆ' ಎಂಬ ಷರತ್ತಿನದು. ಅಲ್ಲಿ ದೋಷ ಕಂಡುಬಂದರೆ ಹೊಣೆ ಕೊಂಡವರದೇ.

5. ಬೆಲೆಯ ಲೆಕ್ಕ

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಹೊಸ ಯಂತ್ರಗಳಿಗೆ ಅಳವಡಿಕೆ ಸೇರಿ 63 ಲಕ್ಷ ರೂ., ಆಯುಷ್ಯ 15 ವರ್ಷ. ಹಳೆಯದಕ್ಕೆ ಕೇಳಿದ ಬೆಲೆ 25 ಲಕ್ಷ. ಬಿಚ್ಚುವುದು, ಸಾಗಣೆ, ಅಡಿಪಾಯಕ್ಕೆ 4 ಲಕ್ಷ, ದುರಸ್ತಿಗೆ 5 ಲಕ್ಷ ಸೇರಿ 34 ಲಕ್ಷ. ಉಳಿದ ಆಯುಷ್ಯ 6 ವರ್ಷ.

ವರ್ಷದ ಪಾಲು: ಹೊಸದು 4.20 ಲಕ್ಷ, ಹಳೆಯದು 5.67 ಲಕ್ಷ.
ಸರಾಸರಿ ಬಂಡವಾಳಕ್ಕೆ ಶೇ. 10 ಬಡ್ಡಿ: ಹೊಸದು 3.15 ಲಕ್ಷ, ಹಳೆಯದು 1.70 ಲಕ್ಷ.
ಒಟ್ಟು: ಹೊಸದು 7.35 ಲಕ್ಷ, ಹಳೆಯದು 7.37 ಲಕ್ಷ.

ಅಂದರೆ ಅರ್ಧಕ್ಕಿಂತ ಕಡಿಮೆ ಬೆಲೆಯಲ್ಲಿಯೂ ಲಾಭವಿಲ್ಲ. ಇನ್ನು ನುಚ್ಚಿನ ಲೆಕ್ಕ. ವರ್ಷಕ್ಕೆ 40,000 ಕ್ವಿಂಟಲ್ ಭತ್ತ ಅರೆಯುವಲ್ಲಿ, ಭತ್ತದ ತೂಕದ ಶೇ. ಅರ್ಧದಷ್ಟು ಹೆಚ್ಚು ಅಕ್ಕಿ ನುಚ್ಚಾದರೆ 200 ಕ್ವಿಂಟಲ್. ಅಕ್ಕಿ ಮತ್ತು ನುಚ್ಚಿನ ನಡುವೆ ಕ್ವಿಂಟಲಿಗೆ 1,500 ರೂ. ಅಂತರವಿದ್ದರೆ ವರ್ಷಕ್ಕೆ 3 ಲಕ್ಷ ನಷ್ಟ. ಅದನ್ನು ಸರಿದೂಗಿಸಲು ಕೇಳಿದ 25 ಲಕ್ಷ ಸುಮಾರು 11 ಲಕ್ಷಕ್ಕೆ ಇಳಿಯಬೇಕು! ಚೌಕಾಸಿಗೆ ಕೂರುವಾಗ ಕೈಯಲ್ಲಿರಬೇಕಾದ ಅಂಕಿ ಇದು.

ವರ್ಷಕ್ಕೆ ಎಷ್ಟು ಅರೆಯಬಹುದು ಎಂಬ ಅಂದಾಜಿನಲ್ಲಿಯೂ ಸಂಯಮವಿರಲಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದುದನ್ನು ಕಂಡ ನಾವು, ಪ್ರತಿ ವರ್ಷವೂ ಎರಡು ಬೆಳೆಯ ಭತ್ತ ಬರುತ್ತದೆಂದು ಸಾಲದ ಕಂತು ನಿಗದಿಪಡಿಸಿಕೊಳ್ಳಬಾರದು.

6. ತೆರಿಗೆ

ಹೊಸ ಯಂತ್ರಕ್ಕೆ ಷರತ್ತುಗಳೊಡನೆ ದೊರೆಯುವ ಶೇ. 20ರ ಹೆಚ್ಚುವರಿ ಸವಕಳಿ ಬಳಸಿದ ಯಂತ್ರಕ್ಕೆ ಇಲ್ಲ, ಶೇ. 15ರ ಸಾಮಾನ್ಯ ಸವಕಳಿ ಮಾತ್ರ. ಕೊಂಡ ವರ್ಷ 180 ದಿನಗಳಿಗಿಂತ ಕಡಿಮೆ ಬಳಸಿದರೆ ಅದರಲ್ಲಿಯೂ ಅರ್ಧ. ಒಬ್ಬರಿಗೆ ಒಂದೇ ದಿನ 10,000 ರೂ. ಮೀರಿ ನಗದು ಕೊಟ್ಟರೆ ಆ ಮೊತ್ತ ಯಂತ್ರದ ವೆಚ್ಚವೆಂದು ಪರಿಗಣಿತವಾಗದು. ಆದ್ದರಿಂದ 'ಅರ್ಧ ಬಿಲ್ಲು, ಅರ್ಧ ನಗದು' ಎಂಬ ಮಾತಿಗೆ ಒಪ್ಪಬೇಡಿರಿ. ಜಿಎಸ್‌ಟಿ ವಿಷಯದಲ್ಲಿ, 25 ಕೆ.ಜಿ.ಗಿಂತ ದೊಡ್ಡ ಚೀಲದ ಅಥವಾ ಲೇಬಲ್ ಇಲ್ಲದ ಸಡಿಲ ಅಕ್ಕಿಯ ಮಾರಾಟ ತೆರಿಗೆಮುಕ್ತವಾದುದರಿಂದ, ಆ ಪ್ರಮಾಣಕ್ಕೆ ಯಂತ್ರದ ಮೇಲೆ ಕೊಟ್ಟ ತೆರಿಗೆಯ ಜಮೆ ದೊರೆಯದು. ಅದನ್ನೂ ಬೆಲೆಗೆ ಸೇರಿಸಿ ನೋಡಿರಿ.

ನನ್ನ ಆ ಕಕ್ಷಿದಾರರು ಮೂರು ವರ್ಷಗಳಲ್ಲಿ ಚೇತರಿಸಿಕೊಂಡರು. ಅಂದಿನಿಂದ ಇಂಥ ಸಲಹೆ ಕೇಳಿ ಬಂದವರಿಗೆ ನಾನು ಮೊದಲು ಕೇಳುವುದು ಸವಕಳಿ ಪಟ್ಟಿಯನ್ನಲ್ಲ. ವಿದ್ಯುತ್ ಬಿಲ್ಲುಗಳನ್ನು ಮತ್ತು ಗಿರಣಿಗೆ ಹೋಗುವ ದಿನವನ್ನು. ಫಿಟ್ಟರ್‌ಗೆ ಕೊಡುವ ಒಂದು ದಿನದ ಕೂಲಿ, ಒಂದು ಪಾಳಿಯ ಭತ್ತ, ಒಂದು ವಾರದ ತಾಳ್ಮೆ: ಮುಂಗಡ ಕೊಡುವ ಮೊದಲು ಇಷ್ಟು ವೆಚ್ಚವನ್ನು ಸದಸ್ಯ ಬಂಧುಗಳು ತಪ್ಪದೆ ಮಾಡಲಿ.