ಮಾವಿನ ಹೂವಿನ ಕಾಲಕ್ಕೆ ಜೇನು ಸತ್ತಿದ್ದೇಕೆ?

ಅಮ್ಮ, ಶ್ರೀನಿವಾಸಪುರದ ನಿಮ್ಮ ತೋಟದಲ್ಲಿ ಎರಡು ಪೆಟ್ಟಿಗೆ ತುಡುವೆ ಜೇನು ಹೋದದ್ದು ಓದಿ ಸಂಕಟವಾಯಿತು. ನಿಮ್ಮ ಆರೈಕೆಯ ತಪ್ಪಲ್ಲ ಅದು. ಪೆಟ್ಟಿಗೆಯ ಬಾಗಿಲ ಮುಂದೆ ರಾಶಿ ಹುಳು, ಎಷ್ಟೋ ನಾಲಿಗೆ ಚಾಚಿಕೊಂಡೇ ಸತ್ತಿದ್ದವು ಅಂದಿರಿ. ವಿಷದ ಗುರುತು ಅದು. ಜಿಗಿಹುಳುವಿಗೆಂದು ಪಕ್ಕದ ತೋಟದವರು ಹೊಡೆದ ಔಷಧಿಯೇ ಇರಬೇಕು. ಮರಿಗಳಿಗೆ ತಗಲುವ ರೋಗವಾಗಿದ್ದರೆ ಮೊದಲು ಮರಿಗಳೇ ಸಾಯುತ್ತಿದ್ದವು. 1991-92ರಲ್ಲಿ ದಕ್ಷಿಣದ ತುಡುವೆ ಕುಟುಂಬಗಳನ್ನು ಬಲಿ ತೆಗೆದುಕೊಂಡ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗದಲ್ಲಿ, ಸತ್ತ ಮರಿಯನ್ನು ಕಡ್ಡಿಯಿಂದ ಎತ್ತಿದರೆ ನೀರು ತುಂಬಿದ ಚೀಲದ ಹಾಗೆ ಬರುತ್ತದೆ.

ಪಕ್ಕದವರೊಂದಿಗೆ ಜಗಳ ಬೇಡ, ಕೂತು ಮಾತಾಡಿ. ಔಷಧಿಯನ್ನು ಹೂ ಅರಳುವ ಮೊದಲೇ ಹೊಡೆಯಲಿ. ಆಮೇಲೆ ಹೊಡೆಯಲೇಬೇಕಾದರೆ ಸಂಜೆ ಹೊಡೆಯಲಿ, ಹಿಂದಿನ ದಿನವೇ ನಿಮಗೆ ತಿಳಿಸಲಿ. ತಿಳಿಸಿದ ದಿನದ ರಾತ್ರಿಯೇ ಪೆಟ್ಟಿಗೆಗಳನ್ನು ಎರಡು ಮೂರು ಕಿಲೋಮೀಟರ್ ಆಚೆಗೆ ಸಾಗಿಸಿ. ಅವರ ಮರ ಕಾಯಿ ಕಚ್ಚುವುದಕ್ಕೂ ನೊಣ, ಜೇನು ಬೇಕಲ್ಲವೇ?

ಖಾಲಿ ಎರಿಗಳನ್ನು ಇವತ್ತೇ ಕರಗಿಸಿಬಿಡಿ, ಇಲ್ಲದಿದ್ದರೆ ಮೇಣದ ಹುಳು ಬಲೆ ಕಟ್ಟುತ್ತದೆ. ಹೊಸ ಕುಟುಂಬವನ್ನು ಹೊಂಗೆ ಹೂ ಬಿಡುವ ಹೊತ್ತಿಗೆ ತನ್ನಿ. ಸ್ಟ್ಯಾಂಡಿನ ಕಾಲುಗಳಿಗೆ ನೀರಿನ ಬಟ್ಟಲು ಇಡಿ, ಇರುವೆ ಹತ್ತುವುದಿಲ್ಲ. ತರಬೇತಿಗೆ ಟಮಕದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.