ಮಳೆಹನಿಗೆ ಕಡಲಿನ ಬೀಜ

ಮಲ್ಲಸಮುದ್ರದ ಹೆಸರಿನಲ್ಲಿ ಸಮುದ್ರವಿದ್ದರೂ ಕಡಲು ಸಹ್ಯಾದ್ರಿಯ ಆಚೆಗಿದೆ. (ಹಿಂದಿನವರು ದೊಡ್ಡ ಕೆರೆಯನ್ನೂ ಸಮುದ್ರವೆಂದೇ ಕರೆಯುತ್ತಿದ್ದರು.) ಆದರೂ ಮುಂಗಾರಿನ ಗಾಳಿಯು ಗದಗ ಸೀಮೆಗೆ ಅರಬ್ಬೀ ಸಮುದ್ರದಿಂದ ನೀರಾವಿಯನ್ನಷ್ಟೇ ಅಲ್ಲ, ಹನಿಗಟ್ಟಲು ಬೇಕಾದ ಬೀಜವನ್ನೂ ಹೊತ್ತು ತರುತ್ತದೆ.

ನೀರಾವಿಯು ತಾನೇ ತಾನಾಗಿ ಹನಿಯಾಗಲಾರದು. ಕಣರಹಿತವಾದ ಗಾಳಿಯಲ್ಲಿ ಹನಿಯೊಂದು ಹುಟ್ಟಬೇಕಾದರೆ ಆರ್ದ್ರತೆಯು ಶೇಕಡ 100ನ್ನು ಹಲವು ಪಟ್ಟು ಮೀರಬೇಕು. ನಿಸರ್ಗದ ಮೋಡಗಳಲ್ಲಿ ಅದು ಸಂಭವಿಸದು. ಆದುದರಿಂದ ಆವಿಗೆ ಆಸರೆಯಾಗಿ ತೇಲುವ ಸೂಕ್ಷ್ಮಕಣ ಬೇಕು. ಇಂಥ ಕಣಗಳನ್ನೊಳಗೊಂಡ ಗಾಳಿಗೆ ಏರೋಸಾಲ್ ಎಂದು ಹೆಸರು.

ಅಲೆಯ ನೊರೆಗುಳ್ಳೆಗಳು ಒಡೆದಾಗ ತುಂತುರು ಮೇಲೇಳುತ್ತದೆ. ನೀರು ಆರಿ ಉಪ್ಪಿನ ಕಣ ಗಾಳಿಯಲ್ಲುಳಿಯುತ್ತದೆ. ಎರಡನೆಯ ಬಗೆ ಹೆಚ್ಚು ಸೋಜಿಗದ್ದು. ಕಡಲಿನ ಸೂಕ್ಷ್ಮ ಸಸ್ಯಗಳ ಮೂಲಕ ಡೈಮೀಥೈಲ್ ಸಲ್ಫೈಡ್ ಎಂಬ ಅನಿಲ ಹೊರಡುತ್ತದೆ; ಕಡಲತೀರದ ವಾಸನೆಯಲ್ಲಿ ಅದರ ಪಾಲೂ ಉಂಟು. ವಾಯುಮಂಡಲದಲ್ಲಿ ಅದು ಉತ್ಕರ್ಷಣಗೊಂಡು ಭಾಗಶಃ ಗಂಧಕಾಮ್ಲವಾಗಿ, ಹೊಸ ಕಣಗಳಿಗೆ ಜನ್ಮವೀಯುತ್ತದೆ. ಈ ಅನಿಲವೇ ಮೋಡಗಳ ಮೂಲಕ ಭೂಮಿಯ ತಾಪವನ್ನು ಹದದಲ್ಲಿಡುತ್ತದೆಂದು 1987ರಲ್ಲಿ ಲವ್‌ಲಾಕ್ ಮೊದಲಾದ ನಾಲ್ವರು ವಿಜ್ಞಾನಿಗಳು ಊಹಿಸಿದರು. ಊಹೆ ಸೊಗಸಾದುದು, ನಂತರದ ಸಂಶೋಧನೆಯು ಸಂಗತಿ ಅಷ್ಟು ಸರಳವಲ್ಲವೆಂದು ತೋರಿಸಿದೆ.

ಕಣಗಳು ಹೆಚ್ಚಿದಷ್ಟೂ ಮಳೆ ಹೆಚ್ಚೆಂದು ಭಾವಿಸಲಾಗದು. ಒಂದು ಮಳೆಹನಿಗೆ ಸುಮಾರು 10 ಲಕ್ಷ ಮೋಡಹನಿಗಳು ಕೂಡಬೇಕು. ಹೊಗೆ ದಟ್ಟವಾದರೆ ಇದ್ದ ನೀರು ಅಸಂಖ್ಯ ಕಿರುಹನಿಗಳಿಗೆ ಹಂಚಿಹೋಗಿ, ಯಾವುದೂ ನೆಲಕ್ಕಿಳಿಯುವಷ್ಟು ಬೆಳೆಯದೆ ಹೋಗಬಹುದು. ಕಡಲಿನ ದಪ್ಪ ಉಪ್ಪಿನ ಕಣವಾದರೋ ಬೇಗನೆ ದೊಡ್ಡ ಹನಿಯಾಗಿ ಕಿರುಹನಿಗಳನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. 2017ರಲ್ಲಿ ಕರ್ನಾಟಕ ಸರ್ಕಾರವು ‘ವರ್ಷಧಾರೆ’ ಯೋಜನೆಯಲ್ಲಿ ವಿಮಾನದಿಂದ ಮೋಡಬಿತ್ತನೆ ನಡೆಸಿತು. ಅಂಥ ಬಿತ್ತನೆಯಲ್ಲಿ ಬಳಸುವ ಉಪ್ಪಿನಿಂದ ನಿರೀಕ್ಷಿಸುವುದೂ ಇದೇ ಕೆಲಸವನ್ನು; ಮೋಡವೇ ಕಟ್ಟದ ದಿನ ಆ ಉಪ್ಪಿನಿಂದ ಹನಿಯೂ ಬೀಳದು.