ಶಿಫ್ಟ್ ಡ್ಯೂಟಿಯೋ, ಊರಿನ ಕ್ಲಿನಿಕ್ಕೋ?

ಪ್ರಶ್ನೆ: ಫ್ಯಾಮಿಲಿ ಮೆಡಿಸಿನ್‌ನಲ್ಲಿ ಡಿಎನ್‌ಬಿ ಮುಗಿಸಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಡ್ಯೂಟಿ ಡಾಕ್ಟರ್ ಆಗಿದ್ದೇನೆ. ತಿಪಟೂರಿನಲ್ಲಿ ನಮ್ಮ ಮನೆಯವರನ್ನೆಲ್ಲ ನೋಡುತ್ತಿದ್ದ ಹಿರಿಯ ಡಾಕ್ಟರು ‘ಇನ್ನು ಕ್ಲಿನಿಕ್ ನೀನೇ ನಡೆಸಮ್ಮ’ ಎನ್ನುತ್ತಿದ್ದಾರೆ. ಆಸೆಯಿದೆ, ಭಯವೂ ಇದೆ. ಇಲ್ಲಾದರೆ ಶಿಫ್ಟ್ ಮುಗಿದ ಮೇಲೆ ಮನೆ. ಅಲ್ಲಿ ದಿನಾ ಅದೇ ಬಿಪಿ, ಅದೇ ಶುಗರ್, ರಾತ್ರಿ ಹನ್ನೊಂದಕ್ಕೂ ಫೋನು. ಆದಾಯವೂ ಕಡಿಮೆ. ಏನು ಮಾಡಲಿ?

ಉತ್ತರ: ಹೋಗಿ ಎಂದೇ ನನ್ನ ಸಲಹೆ. ಆದರೆ ಹಿರಿಯರು ನಡೆಸಿದ ರೀತಿಯಲ್ಲೇ ನೀವೂ ನಡೆಸಬೇಕೆಂದಿಲ್ಲ.

‘ಅದೇ ಬಿಪಿ’ ಎಂದಿರಲ್ಲ, ಅಲ್ಲಿಂದಲೇ ಶುರುಮಾಡೋಣ. ಅಜ್ಜಿಯೊಬ್ಬರಿಗೆ ಮಾತ್ರೆ ಕೊಟ್ಟರೂ ಬಿಪಿ ಇಳಿದಿಲ್ಲ ಎಂದಿಟ್ಟುಕೊಳ್ಳಿ. ಡ್ಯೂಟಿಯಲ್ಲಿದ್ದವರು ಇನ್ನೊಂದು ಮಾತ್ರೆ ಬರೆಯುತ್ತಾರೆ. ಅವರಿಗಿರುವ ಐದು ನಿಮಿಷದಲ್ಲಿ ಅದು ತಪ್ಪೂ ಅಲ್ಲ. ಆ ಮನೆಯನ್ನು ಬಲ್ಲ ಡಾಕ್ಟರು ‘ಅಜ್ಜಿ, ಚೀಲದಲ್ಲಿರೋ ಮಾತ್ರೆ ಶೀಟು ತೋರ್ಸಿ’ ಎನ್ನುತ್ತಾರೆ. ತಿಂಗಳ ಮಾತ್ರೆಯಲ್ಲಿ ಅರ್ಧ ಹಾಗೇ ಉಳಿದಿದೆ. ಮಗ ದುಡ್ಡು ಕಳಿಸುವವರೆಗೆ ಬರಲಿ ಎಂದು ಅಜ್ಜಿ ದಿನ ಬಿಟ್ಟು ದಿನ ನುಂಗುತ್ತಿದ್ದಾರೆ. ಅವರಿಗೆ ಬೇಕಿದ್ದುದು ಜನೌಷಧಿ ಅಂಗಡಿಯ ಅಗ್ಗದ ಮಾತ್ರೆ, ಅಷ್ಟೇ. ಮೊದಲ ಸಲ ಕಂಡ ಡಾಕ್ಟರಿಗೆ ಇದನ್ನೆಲ್ಲ ಯಾವ ಅಜ್ಜಿಯೂ ಹೇಳುವುದಿಲ್ಲ, ನಾಚಿಕೆ.

ನಾರ್ವೆಯಲ್ಲಿ ಸುಮಾರು 45 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಒಬ್ಬರೇ ಕುಟುಂಬ ವೈದ್ಯರ ಬಳಿ 15 ವರ್ಷ ಮೀರಿ ತೋರಿಸಿಕೊಂಡವರಲ್ಲಿ, ವರ್ಷದ ಪರಿಚಯವಷ್ಟೇ ಇದ್ದವರಿಗಿಂತ, ದಿಢೀರನೆ ಆಸ್ಪತ್ರೆ ಸೇರುವುದೂ ಸಾವೂ ಕಾಲುಭಾಗದಷ್ಟು ಕಡಿಮೆ. ಎಲ್ಲಕ್ಕೂ ಡಾಕ್ಟರೇ ಕಾರಣ ಎನ್ನಲಾಗದು, ಅದು ನಿಮಗೇ ಗೊತ್ತು. ಆದರೂ ಸಣ್ಣ ಅಂತರವೇನಲ್ಲ.

ದುಡ್ಡಿನ ಚಿಂತೆಗೆ ನೀವು ನಾಚಬೇಕಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲೂ ಕುಟುಂಬ ವೈದ್ಯರ ಬರಕ್ಕೆ ಇದೂ ಒಂದು ಕಾರಣವಾಗಿತ್ತು. 2023ರ ಫೆಬ್ರವರಿಯಿಂದ ಅಲ್ಲಿನ ಹೊಸ ವ್ಯವಸ್ಥೆಯಲ್ಲಿ, ರೋಗಿ ಎದುರಿಗಿಲ್ಲದಾಗ ರಿಪೋರ್ಟ್ ಓದುವ ಸಮಯಕ್ಕೂ ಹಣ ಸಿಗುತ್ತದೆ. ನಮ್ಮಲ್ಲಿ ಅದನ್ನು ನೀವೇ ಕೇಳಿ ಪಡೆಯಬೇಕು. ರಿಪೋರ್ಟ್ ತೋರಿಸಲು ಬಂದವರಿಂದ ಚಿಕ್ಕದಾದರೂ ಒಂದು ಫೀಸು ತೆಗೆದುಕೊಳ್ಳಿ. ಬಿಟ್ಟಿ ನೋಡಿ, ಆ ನಷ್ಟವನ್ನು ಲ್ಯಾಬಿನ ಕಮಿಷನ್‌ನಲ್ಲಿ ತುಂಬಿಕೊಳ್ಳುವವರನ್ನು ನೀವೂ ಕಂಡಿರುತ್ತೀರಿ.

ಫೋನಿನ ಕಾಟಕ್ಕೆ ಕ್ಲಿನಿಕ್ಕಿಗೆಂದೇ ಬೇರೆ ಸಿಮ್ ಇರಲಿ, ರಾತ್ರಿ ಅದು ಕ್ಲಿನಿಕ್ಕಿನಲ್ಲೇ ಇರಲಿ. ತುರ್ತಾದರೆ ಎಲ್ಲಿಗೆ ಹೋಗಬೇಕೆಂದು ಬಾಗಿಲಲ್ಲೇ ಬರೆಸಿ. ಪಕ್ಕದ ಬೀದಿಯ ಡಾಕ್ಟರೊಬ್ಬರ ಜೊತೆ ಭಾನುವಾರಗಳನ್ನು ಹಂಚಿಕೊಳ್ಳಿ. ಬಿಪಿ, ಶುಗರ್‌ನವರದ್ದೇ ಒಂದು ಪುಸ್ತಕ ಇಟ್ಟು, ಹೇಳಿದ ದಿನ ಬರದವರಿಗೆ ಸಿಸ್ಟರ್ ಕೈಲಿ ಫೋನ್ ಮಾಡಿಸಿ.

ಕೀಲಿಕೈಯನ್ನು ಮಾತ್ರ ಈಗಲೇ ಇಸಿದುಕೊಳ್ಳಬೇಡಿ. ಆರು ತಿಂಗಳು ಹಿರಿಯರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರಿ. ಯಾರಿಗೆ ಯಾವ ಮಾತ್ರೆ ಆಗಿಬರುವುದಿಲ್ಲ, ಯಾರ ಮನೆಯಲ್ಲಿ ಕುಡಿತವಿದೆ, ಇವೆಲ್ಲ ಅವರ ತಲೆಯಲ್ಲಷ್ಟೇ ಇರುತ್ತವೆ, ಬರೆದುಕೊಳ್ಳಿ. ‘ಇನ್ಮೇಲೆ ಇವರ ಹತ್ರಾನೇ ತೋರಿಸ್ಕೊಳ್ಳಿ’ ಎಂಬ ಮಾತು ಅವರ ಬಾಯಿಂದಲೇ ಬರಬೇಕು, ಆಗ ಜನ ನಂಬುತ್ತಾರೆ. ಸದ್ಯಕ್ಕೆ ಮೂರು ವರ್ಷಕ್ಕೆಂದು ಒಪ್ಪಿಕೊಳ್ಳಿ. ಬಾಡಿಗೆ ಎಷ್ಟು, ಯಾರ ಪಾಲು ಎಷ್ಟು ಎಂಬುದನ್ನು ಮೊದಲೇ ಕರಾರಿನಲ್ಲಿ ಬರೆಸಿ. ಮನೆಯವರಂತಿರುವವರ ಜೊತೆ ದುಡ್ಡಿನ ಮಾತು ಆಮೇಲೆ ಎತ್ತುವುದು ಬಲು ಕಷ್ಟ.